ಶ್ರೋಣಿತಳದ ನೋವು: ಔಷಧ ಯಾವ ರೂಪದಲ್ಲಿ?

ಏಪ್ರಿಲ್ ಮಧ್ಯಾಹ್ನ ಕಾಡುಗೋಡಿಯ ಔಷಧಿ ಅಂಗಡಿಯಲ್ಲಿ ಕೊಂಡ ಪೆಸರಿಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬಿಸಿಲಲ್ಲಿ ನಿಲ್ಲಿಸಿದರೆ ಏನಾಗುತ್ತದೆ? ಕೊಬ್ಬಿನಿಂದ ಮಾಡಿದವು ಕರಗಿ ಆಕಾರಗೆಡುತ್ತವೆ. ಅವನ್ನು ತಯಾರಿಸಿರುವುದೇ ಮೈಯ ಶಾಖಕ್ಕೆ ಕರಗಲೆಂದು. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ.

ಮೂತ್ರಕೋಶ, ಗರ್ಭಕೋಶ, ಗುದನಾಳಗಳಿಗೆ ಕೆಳಗಿನಿಂದ ಆಸರೆಯಾಗಿರುವ ಸ್ನಾಯುಗಳ ಹಾಸೇ ಶ್ರೋಣಿತಳ. ಈ ಸ್ನಾಯುಗಳು ಸಡಿಲಗೊಳ್ಳದೆ ಬಿಗಿದೇ ಉಳಿದರೆ ಕೂರುವಾಗ, ಮಲವಿಸರ್ಜನೆಯಲ್ಲಿ, ಸಂಭೋಗದಲ್ಲಿ ನೋವಾಗುತ್ತದೆ. ಹೇಳಿಕೊಳ್ಳಲು ನಾಚಿ ಎಷ್ಟೋ ಹೆಂಗಸರು ವರ್ಷಗಟ್ಟಲೆ ಸಹಿಸುತ್ತಾರೆ.

ನುಂಗಿದ ಮಾತ್ರೆ ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಅದರ ಒಂದು ಪಾಲು ನಾಶವಾಗಬಹುದು. ಯೋನಿಯಿಂದ ಹೀರಲ್ಪಟ್ಟ ಔಷಧ ಬಹುಮಟ್ಟಿಗೆ ಈ ಮೊದಲ ಸುತ್ತನ್ನು ತಪ್ಪಿಸಿಕೊಳ್ಳುತ್ತದೆ. ನೋಯುವ ಸ್ನಾಯುವೂ ಪಕ್ಕದಲ್ಲೇ ಇದೆ.

ಆದರೆ ರೂಪ ಮುಖ್ಯ. ಕ್ರೀಮು ಬೇಗ ಹರಡುತ್ತದೆ, ಅಷ್ಟೇ ಬೇಗ ಸೋರುತ್ತದೆ. ಪ್ರತಿಸಲದ ಪ್ರಮಾಣವೂ ಒಂದೇ ಇರದು. ಯೋನಿಗಿಡುವ ಮಾತ್ರೆಯಲ್ಲಿ ಪ್ರಮಾಣ ನಿಖರ, ಸೋರಿಕೆ ಕಡಿಮೆ. ಆದರೆ ಅದು ಕರಗಲು ತೇವ ಬೇಕು. ಮುಟ್ಟು ನಿಂತವರಲ್ಲಿ ತೇವವೇ ಕಡಿಮೆ. ಉಂಗುರದ ಲೆಕ್ಕ ಸ್ವಾರಸ್ಯಕರ. 2 ಮಿಲಿಗ್ರಾಂ ಎಸ್ಟ್ರಡಯೋಲ್ ತುಂಬಿದ ಸಿಲಿಕೋನ್ ಉಂಗುರ ದಿನಕ್ಕೆ ಸುಮಾರು 7.5 ಮೈಕ್ರೋಗ್ರಾಂನಂತೆ 90 ದಿನ ಬಿಡುತ್ತದೆ. ಗುಣಿಸಿ ನೋಡಿ: 675 ಮೈಕ್ರೋಗ್ರಾಂ, ಅಂದರೆ ಮೂರನೇ ಒಂದು ಪಾಲು ಮಾತ್ರ! ಉಳಿದದ್ದು ಸಾರತೆಯ ವ್ಯತ್ಯಾಸವನ್ನು ಕಾಯ್ದುಕೊಂಡು, ಔಷಧ ಒಂದೇ ವೇಗದಲ್ಲಿ ಹೊರಬರುವಂತೆ ಮಾಡುತ್ತದೆ. ಆದರೆ ಈ ಉಂಗುರ ಮುಟ್ಟು ನಿಂತ ನಂತರದ ಶುಷ್ಕತೆಯ ನೋವಿಗೆ, ಸ್ನಾಯುವಿನ ಬಿಗಿತಕ್ಕಲ್ಲ.

ಬಿಗಿತಕ್ಕೆ ಕೆಲವು ವೈದ್ಯರು ಡಯಜಿಪಾಮ್ ಪೆಸರಿ ಬರೆಯುತ್ತಾರೆ. ತರ್ಕ ಚೆನ್ನಾಗಿದೆ, ಸಾಕ್ಷ್ಯ ಚೆನ್ನಾಗಿಲ್ಲ. 2013 ಮತ್ತು 2019ರಲ್ಲಿ ಪ್ರಕಟವಾದ ಎರಡು ಸಣ್ಣ ಯಾದೃಚ್ಛಿಕ ಪರೀಕ್ಷೆಗಳಲ್ಲಿ 10 ಮಿಲಿಗ್ರಾಂ ಡಯಜಿಪಾಮ್, ಔಷಧವಿಲ್ಲದ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಮೇಲಾಗಿ ಅದು ಅಲ್ಲಿಯೇ ನಿಲ್ಲದು. ರಕ್ತಕ್ಕೆ ಸೇರಿ ದಿನಗಟ್ಟಲೆ ಉಳಿಯುತ್ತದೆ, ತೂಕಡಿಕೆ ತರಬಹುದು. ಆದ್ದರಿಂದ ಮೊದಲ ಚಿಕಿತ್ಸೆಯಾಗಿ ಸ್ನಾಯುಗಳನ್ನು ಸಡಿಲಿಸಲು ಕಲಿಸುವ ಫಿಸಿಯೋಥೆರಪಿಯನ್ನೇ ಸೂಚಿಸುತ್ತಾರೆ. ಶ್ರೋಣಿತಳವನ್ನು ಬಿಗಿಹಿಡಿಯುವ ಕೆಗೆಲ್ ವ್ಯಾಯಾಮವನ್ನು ಇಂಥವರು ತಾವಾಗಿಯೇ ಆರಂಭಿಸಿದರೆ ನೋವು ಹೆಚ್ಚಬಹುದು.