ಎರಡನೇ ಗೇರಿನ ಸದ್ದು

ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಈಗಿನ ಹುಡುಗರು ನೋಡಿರಲಿಕ್ಕಿಲ್ಲ. ವೈಟ್‌ಫೀಲ್ಡ್ ರಸ್ತೆಯಲ್ಲಿ ರೈಲು ಎಂಜಿನ್ ಮಾಡುವ ಸ್ಯಾನ್ ಬಳಗದ ಕಾರು ಅದು. ತಯಾರಾದದ್ದು ಗೋವಾದಲ್ಲಿ, 1990ರ ದಶಕದ ಕೊನೆಗೆ. ಫೈಬರ್ ಮೈ, ರೆನೋ ಕಂಪನಿಯ 1149 ಸಿಸಿ ಎಂಜಿನ್, ಐದು ಗೇರು. ಅಂಥದ್ದೊಂದು ಪೀಣ್ಯದ ನಮ್ಮ ಗ್ಯಾರೇಜಿಗೆ ಬಂದರೆ ನನಗೆ ಹಬ್ಬ.

ವಯಸ್ಸಾದ ಗೇರ್‌ಬಾಕ್ಸಿನ ಮಾಮೂಲಿ ದೂರು, ಎರಡನೇ ಗೇರಿಗೆ ಹಾಕಿದರೆ ಕರ್ ಎನ್ನುತ್ತದೆ ಎಂಬುದು. ಕೂಡಲೇ ಬಾಕ್ಸ್ ಇಳಿಸುವವರನ್ನು ಕಂಡರೆ ನನಗೆ ಸಿಟ್ಟು. ಮೊದಲು ಕ್ಲಚ್ ಪೂರ್ತಿ ಬಿಡುತ್ತಿದೆಯೇ ನೋಡಬೇಕು. ಕೇಬಲ್ ಸಡಿಲವಾದರೂ ಇದೇ ಸದ್ದು. ಆಮೇಲೆ ಆಯಿಲ್ ಇಳಿಸಿ ಬಿಸಿಲಿಗೆ ಹಿಡಿಯುತ್ತೇನೆ. ಅದರಲ್ಲಿ ಆಯಸ್ಕಾಂತಕ್ಕೆ ಅಂಟುವ ಪುಡಿ ಗೇರು, ಬೇರಿಂಗುಗಳ ಉಕ್ಕು. ಅಂಟದೆ ಹಳದಿಯಾಗಿ ಮಿನುಗಿದರೆ ಸಿಂಕ್ರೊ ರಿಂಗ್ ಸವೆಯುತ್ತಿದೆ ಎಂದರ್ಥ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಉಜ್ಜಿ ಸಮವೇಗಕ್ಕೆ ತರುವುದು ಈ ಹಿತ್ತಾಳೆ ಉಂಗುರದ ಕೆಲಸ. ಗಂಧಕದ ಅಂಶ ಹೆಚ್ಚಿರುವ ಕೆಲವು ಜಿಎಲ್-5 ದರ್ಜೆಯ ಗೇರ್ ಆಯಿಲ್‌ಗಳು ಅದನ್ನು ತಿಂದುಹಾಕಬಲ್ಲವು. ದುಬಾರಿ ಡಬ್ಬಿ ಒಳ್ಳೆಯದೆಂದು ಸುರಿಯಬೇಡಿ, ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಿ.

ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿವರೆಗೂ ಗೇರ್ ಲಿವರ್ ಮೇಲೆ ಕೈಯಿಟ್ಟೇ ಓಡಿಸುವವರಿದ್ದಾರೆ. ಆ ಭಾರ ಒಳಗಿನ ಸೆಲೆಕ್ಟರ್ ಫೋರ್ಕನ್ನು ಸವೆಸುತ್ತದೆ.

ಸ್ಟಾರ್ಮ್‌ನಂಥ ಅಪರೂಪದ ಕಾರಿಗೆ ಬಿಡಿಭಾಗದ್ದೇ ದೊಡ್ಡ ಚಿಂತೆ. ಬುಷ್ಷನ್ನು ಪೀಣ್ಯದ ಲೇತಿನಲ್ಲೇ ಮಾಡಿಸಬಹುದು. ಬೇರಿಂಗನ್ನು ನಂಬರ್ ಹಿಡಿದು ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು. ಸಿಂಕ್ರೊ ರಿಂಗ್ ಹಾಗಲ್ಲ: ಅದರ ಓರೆಯ ಕೋನ, ಒಳಗಿನ ಸಣ್ಣ ಗೀರುಗಳು ಕರಾರುವಾಕ್ಕಾಗಿ ಹೊಂದಬೇಕು. ಬಾಕ್ಸ್ ಬಿಚ್ಚುವ ಮೊದಲೇ ಅದನ್ನು ತರಿಸಿಟ್ಟುಕೊಳ್ಳಿ ಎಂದು ಮಾಲೀಕರಿಗೆ ಹೇಳಿ ಕಳಿಸುತ್ತೇನೆ.