ಕರಿ ಬಿಯರ್‌ನಲ್ಲಿ ವೆನಿಲಾ ಘಮ: ಮರದ್ದೆಷ್ಟು, ಕೋಡಿನದ್ದೆಷ್ಟು?

ಶಿರಸಿ: ದೀಪಾವಳಿಗೆ ಶಿಕಾಗೊದಿಂದ ಊರಿಗೆ ಬಂದಿದ್ದ ನಮ್ಮ ಪಕ್ಕದ ಮನೆಯ ಇಂಜಿನಿಯರ್ ಹುಡುಗ ಬ್ಯಾಗಿನಿಂದ ಒಂದು ಬಾಟ್ಲಿ ತೆಗೆದ. ಬಟ್ಟೆಯಲ್ಲಿ ನಾಲ್ಕು ಸುತ್ತು ಸುತ್ತಿ ತಂದಿದ್ದ. ಅರ್ಧ ಲೀಟರ್ ಬಿಯರ್, ಬೆಲೆ 20 ಡಾಲರ್‌ಗಿಂತ ಮೇಲೆ. ಚೀಟಿಯ ಮೇಲೆ ಬರೆದಿದ್ದು ಇಷ್ಟು: ಬರ್ಬನ್ ಪೀಪಾಯಿಯಲ್ಲಿಟ್ಟ ಸ್ಟೌಟ್, ಮಡಗಾಸ್ಕರ್ ವೆನಿಲಾ ಹಾಕಿದ್ದು, ಆಲ್ಕೋಹಾಲ್ ಶೇ 14.

ಬಿಯರ್‌ಗೆ ವೆನಿಲಾನಾ? ನಮ್ಮಲ್ಲಿ ವೆನಿಲಾ ಅಂದರೆ ಐಸ್‌ಕ್ರೀಮ್, ಕೇಕು. ಇಲ್ಲಾಂದ್ರೆ 2003ನೇ ಇಸವಿಯ ಕಥೆ. ಆ ಹುಡುಗನ ಅಪ್ಪಯ್ಯ, ನಾವೆಲ್ಲ ಮಾವ ಅಂತ ಕರೆಯೋರು, ಆ ಕಥೆಯ ಒಳಗೇ ಇದ್ದವರು. ಅಡಿಕೆ ತೋಟದ ನಡುವೆ ವೆನಿಲಾ ಹಬ್ಬಿಸಿ, ಎರಡು ವರ್ಷ ದುಡ್ಡು ನೋಡಿ, ಮೂರನೇ ವರ್ಷ ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದವರು. ಅವರು ಕುಡಿಯೋದಿಲ್ಲ. ಆದರೆ ಗ್ಲಾಸು ಮೂಗಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು: "ಇದರಲ್ಲಿ ಎರಡು ವೆನಿಲಾ ಇದೆ ತಮ್ಮಾ. ಒಂದು ನಮ್ಮದರ ಹಾಗೇ ಇದೆ. ಇನ್ನೊಂದು ಯಾವುದೋ."

ಮಾವನ ಮೂಗು ಸರಿಯಾಗೇ ಹೇಳಿತ್ತು. ಆ "ಇನ್ನೊಂದು ಯಾವುದು" ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ವಿಷಯ ಇಲ್ಲಿದೆ.

ಸ್ಟೌಟ್ ಅಂದರೇನು?

ಬಿಯರ್ ಮಾಡೋದು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ. ಇದಕ್ಕೆ ಮಾಲ್ಟ್ ಅಂತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಬಂಗಾರದ ಬಣ್ಣದ ಬಿಯರ್‌ಗೆ ಮಾಲ್ಟನ್ನು ಹದವಾಗಿ ಒಣಗಿಸಿರುತ್ತಾರೆ. ಸ್ಟೌಟ್‌ಗೆ ಅದರ ಜೊತೆ ಕಾಫಿ ಬೀಜದ ಹಾಗೆ ಕಪ್ಪಗೆ ಹುರಿದ ಬಾರ್ಲಿ ಸೇರಿಸುತ್ತಾರೆ. ಬಣ್ಣ, ಕಹಿ, ಕಾಫಿ-ಕೊಕೋ ಥರದ ವಾಸನೆ ಎಲ್ಲಾ ಆ ಹುರಿತದಿಂದಲೇ ಬರೋದು.

ಇದರ ಮೂಲ ಲಂಡನ್. 1700ರ ದಶಕಗಳಲ್ಲಿ ಅಲ್ಲಿ ಪೋರ್ಟರ್ ಎಂಬ ಕಪ್ಪು ಬಿಯರ್ ಬಹಳ ನಡೀತಿತ್ತು. ಅದರಲ್ಲೇ ಗಟ್ಟಿಯಾದದ್ದಕ್ಕೆ ಸ್ಟೌಟ್ ಅಂದರು. ಐರ್ಲೆಂಡಿನ ಗಿನ್ನೆಸ್ ಹೆಸರು ಕೆಲವರಾದರೂ ಕೇಳಿರಬಹುದು, ಅದೂ ಸ್ಟೌಟೇ. ಇನ್ನೂ ಗಟ್ಟಿ ಮಾಡಿ ಇಂಗ್ಲೆಂಡಿನಿಂದ ರಷ್ಯಾಕ್ಕೆ ಕಳಿಸುತ್ತಿದ್ದ ಬಗೆಗೆ ಇಂಪೀರಿಯಲ್ ಸ್ಟೌಟ್ ಅಂತ ಹೆಸರು ಬಂತು. ಪೀಪಾಯಿಯಲ್ಲಿ ಇಡೋದಕ್ಕೆ ಸಾಮಾನ್ಯವಾಗಿ ಈ ಗಟ್ಟಿ ಬಗೆಯನ್ನೇ ಆರಿಸ್ತಾರೆ. ತೆಳು ಬಿಯರ್ ಆದರೆ ಮರದ ವಾಸನೆಯ ಎದುರು ನಿಲ್ಲೋದಿಲ್ಲ.

ಪೀಪಾಯಿ ಯಾಕೆ ಬೇಕು?

ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ವಿಸ್ಕಿ ಅಂತ ಹೆಸರು ಹಾಕಬೇಕಾದರೆ ಕನಿಷ್ಠ ಶೇ 51 ಮೆಕ್ಕೆಜೋಳ ಇರಬೇಕು. ಅದನ್ನು ಒಳಗೋಡೆ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲಿಯೇ ಇಡಬೇಕು. ಹೊಸದೇ ಆಗಬೇಕು ಅನ್ನೋದೇ ಇಲ್ಲಿ ಮುಖ್ಯ. ಒಂದು ಸಲ ಬರ್ಬನ್ ತೆಗೆದ ಪೀಪಾಯಿಯಲ್ಲಿ ಮತ್ತೆ ಬರ್ಬನ್ ಮಾಡೋ ಹಾಗಿಲ್ಲ. ಹೀಗಾಗಿ ಸುಮಾರು 200 ಲೀಟರ್ ಹಿಡಿಯುವ ಲಕ್ಷಗಟ್ಟಲೆ ಹಳೇ ಪೀಪಾಯಿಗಳು ಮಾರಾಟಕ್ಕೆ ಬರ್ತವೆ.

ಅವು ಸ್ಕಾಟ್ಲೆಂಡಿಗೆ ಹೋಗ್ತವೆ, ರಮ್ ಮಾಡುವವರಿಗೆ ಹೋಗ್ತವೆ. ಬೆಂಗಳೂರಿಗೂ ಬರ್ತವೆ: 2004ರಲ್ಲಿ ಗ್ಲಾಸ್ಗೋದಲ್ಲಿ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿ ಹೆಸರಾದ ನಮ್ಮ ಅಮೃತ್ ಡಿಸ್ಟಿಲರಿಯೂ ಹಳೇ ಬರ್ಬನ್ ಪೀಪಾಯಿ ಬಳಸುತ್ತದೆ. ಇಂಥ ಪೀಪಾಯಿಗೆ ಸ್ಟೌಟ್ ತುಂಬುವ ಪದ್ಧತಿಗೆ ಹೆಸರು ತಂದುಕೊಟ್ಟಿದ್ದು ಶಿಕಾಗೊದ ಗೂಸ್ ಐಲ್ಯಾಂಡ್ ಬ್ರೂವರಿ, 1990ರ ದಶಕದಲ್ಲಿ. ಈಗ ಅಮೆರಿಕದಲ್ಲಿ ಬಹಳ ಬ್ರೂವರಿಗಳು ಇದನ್ನು ಮಾಡ್ತವೆ.

ಬಿಯರ್ ಎಂಟು ತಿಂಗಳಿಂದ ಒಂದು ವರ್ಷದ ತನಕ, ಕೆಲವು ಕಡೆ ಇನ್ನೂ ಹೆಚ್ಚು ಕಾಲ ಪೀಪಾಯಿಯೊಳಗೆ ಇರುತ್ತದೆ. ಬೇಸಿಗೆಯಲ್ಲಿ ಹಿಗ್ಗಿ ಮರದ ಒಳಕ್ಕೆ ಇಳಿಯುತ್ತೆ, ಚಳಿಗೆ ಕುಗ್ಗಿ ಹೊರಗೆ ಬರುತ್ತೆ. ಹೀಗೆ ಹೋಗಿ ಬರುವಾಗ ಮರದಲ್ಲಿ ಉಳಿದ ವಿಸ್ಕಿಯನ್ನೂ ಮರದ ಪರಿಮಳವನ್ನೂ ಎಳೆದುಕೊಂಡು ಬರುತ್ತೆ.

ಮಾವ ಹೇಳಿದ ಎರಡನೇ ವೆನಿಲಾ

ಉತ್ತರ ಇರೋದು ಮರದಲ್ಲೇ. ಮರದ ನಾರನ್ನು ಗಟ್ಟಿಯಾಗಿ ಹಿಡಿದಿಡುವ ಅಂಟಿನಂಥ ವಸ್ತುವಿಗೆ ಲಿಗ್ನಿನ್ ಅಂತ ಹೆಸರು. ಪೀಪಾಯಿಯ ಒಳಗೋಡೆ ಸುಡುವಾಗ ಆ ಬಿಸಿಗೆ ಲಿಗ್ನಿನ್ ಒಡೆದು ಬೇರೆ ಬೇರೆ ವಸ್ತುಗಳಾಗ್ತವೆ. ಅವುಗಳಲ್ಲಿ ಒಂದು ವೆನಿಲಿನ್. ವೆನಿಲಾ ಕೋಡಿನ ಘಮದಲ್ಲಿ ಮುಖ್ಯ ಪಾಲು ಇದೇ ವೆನಿಲಿನ್‌ದು. ಡಿಗ್ರಿ ಕಾಲೇಜು ಅರ್ಧಕ್ಕೆ ಬಿಟ್ಟವನಿಗೆ ಕೆಮಿಸ್ಟ್ರಿ ಯಾಕೆ ಅಂತ ನೀವು ಕೇಳಬಹುದು, ಆದರೆ ಇಷ್ಟು ನನಗೂ ಅರ್ಥ ಆಯ್ತು: ಓಕ್ ಮರದ್ದಾಗಲಿ, ಬಳ್ಳಿಯದ್ದಾಗಲಿ, ವೆನಿಲಿನ್ ವೆನಿಲಿನ್ನೇ.

ವ್ಯತ್ಯಾಸ ಇರೋದು ಅದರ ಜೊತೆ ಏನಿದೆ ಅನ್ನೋದರಲ್ಲಿ. ಹದ ಮಾಡಿದ ಕೋಡಿನಲ್ಲಿ ವೆನಿಲಿನ್ ಶೇ 2ರ ಆಸುಪಾಸು. ಅದರ ಜೊತೆಗೆ ಇನ್ನೂರಕ್ಕೂ ಹೆಚ್ಚು ಬೇರೆ ಪರಿಮಳದ ವಸ್ತುಗಳು ಸ್ವಲ್ಪ ಸ್ವಲ್ಪ ಇರ್ತವೆ. ಓಕ್ ಮರದಲ್ಲಾದರೆ ವೆನಿಲಿನ್ ಜೊತೆ ಹೊಗೆ ವಾಸನೆ, ಒಣ ಕೊಬ್ಬರಿ ವಾಸನೆ ಬರುತ್ತೆ. ಮಾವನಿಗೆ "ಯಾವುದೋ" ಅನಿಸಿದ್ದು ಈ ಮರದ ವೆನಿಲಾ.

ಪರೀಕ್ಷೆ ಮಾಡೋಣ ಅಂತ ಮೂರನ್ನೂ ಸಾಲಾಗಿ ಇಟ್ಟೆವು. ಅಡುಗೆಮನೆಯ ಎಸೆನ್ಸ್ ಬಾಟ್ಲಿ, ಬಿಯರ್ ಗ್ಲಾಸು, ಮತ್ತೆ ಮಾವ ಡಬ್ಬಿಯಿಂದ ತೆಗೆದ ಒಂದು ಕಪ್ಪು ಕೋಡು. ಹೌದು, ಎಲ್ಲಾ ಕಿತ್ತು ಹಾಕಿದರೂ ಬಾವಿಕಟ್ಟೆ ಹತ್ತಿರದ ಒಂದು ಬಳ್ಳಿ ಉಳಿಸಿಕೊಂಡಿದ್ದಾರೆ. ವರ್ಷಕ್ಕೆ ಹತ್ತಾರು ಕೋಡು ಮನೆಯ ಪಾಯಸಕ್ಕಂತೆ.

ಎಸೆನ್ಸ್ ಮೂಗಿಗೆ ಒಂದೇ ಸಲ ಬಡಿಯಿತು, ಅಷ್ಟೇ, ಮುಂದಕ್ಕೆ ಏನಿಲ್ಲ. ಕೋಡು ಮೊದಲು ಏನೂ ಹೇಳಲಿಲ್ಲ. ಬೆರಳಲ್ಲಿ ತಿಕ್ಕಿದ ಮೇಲೆ ಒಣದ್ರಾಕ್ಷಿ, ಹೊಸ ಚರ್ಮದ ಚಪ್ಪಲಿ, ಹೂವು, ಒಂದಾದ ಮೇಲೆ ಒಂದು ಬಂದವು.

ರುಚಿ ಹೇಗಿತ್ತು?

ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿದ ಮೊದಲ ಗುಟುಕಿನಲ್ಲಿ ಕಹಿ ಬಿಟ್ಟರೆ ಏನೂ ಸಿಗಲಿಲ್ಲ. ತೀರಾ ತಂಪಾಗಿದ್ದರೆ ಪರಿಮಳ ಏಳೋದಿಲ್ಲ. ಅರ್ಧ ಗಂಟೆ ಹೊರಗಿಟ್ಟು ಮತ್ತೆ ನೋಡಿದೆವು. ಆಗ ಬಿಚ್ಚಿಕೊಂಡಿತು.

ನೋಡೋಕೆ ಹಳೇ ಇಂಜಿನ್ ಆಯಿಲ್. ನೊರೆ ಕಡಿಮೆ, ಬಂದದ್ದೂ ಕಂದು ಬಣ್ಣದ್ದು. ಬಾಯಿಗೆ ಹಾಕಿದರೆ ದಪ್ಪ. ಮೊದಲು ನೆನಪಾಗಿದ್ದು ನಮ್ಮ ಆಲೆಮನೆಯ ಜೋನಿ ಬೆಲ್ಲ, ಅದೂ ಕೊಪ್ಪರಿಗೆಯ ತಳ ಸ್ವಲ್ಪ ಹಿಡಿದಾಗ ಬರುವ ರುಚಿ. ಅದರ ಹಿಂದೆ ಸಕ್ಕರೆ ಹಾಕದ ಕಾಫಿ. ನುಂಗುವಾಗ ಗಂಟಲಲ್ಲಿ ವಿಸ್ಕಿಯ ಬಿಸಿ. ಕೊನೆಗೆ ಬಾಯಿ ಖಾಲಿಯಾದ ಮೇಲೆ ಮೂಗಿನಿಂದ ವೆನಿಲಾ ಬಂತು.

ಒಂದು ವಿಷಯ: ವೆನಿಲಾ ಸಿಹಿ ಅಲ್ಲ. ಕೋಡು ಕಚ್ಚಿ ನೋಡಿದರೆ ಗೊತ್ತಾಗುತ್ತೆ. ಸಿಹಿ ತಿಂಡಿಯಲ್ಲಿ ಅದರ ವಾಸನೆ ತೆಗೆದುಕೊಂಡು ಅಭ್ಯಾಸ ಆಗಿರೋದರಿಂದ ನಮಗೆ ಸಿಹಿ ಅನಿಸೋದು. ಬ್ರೂವರಿಯವರಿಗೆ ಬೇಕಾಗಿರೋದೂ ಅದೇ, ಸಕ್ಕರೆ ಸುರಿಯದೆ ಕಹಿಯನ್ನು ಮೆತ್ತಗೆ ಮಾಡೋದು. ಪೀಪಾಯಿಯಿಂದ ತೆಗೆದ ಮೇಲೆ ಸೀಳಿದ ಕೋಡು ಹಾಕಿ ಕೆಲವು ದಿನ ನೆನೆಸುವುದು ಸಾಮಾನ್ಯ ಕ್ರಮ. ಈ ಘಮ ಬಾಟ್ಲಿಯಲ್ಲಿ ವರ್ಷಗಟ್ಟಲೆ ಉಳಿಯೋದಿಲ್ಲ, ಕ್ರಮೇಣ ಇಳಿಯುತ್ತೆ.

ಎಚ್ಚರಿಕೆಯ ಮಾತೂ ಹೇಳಬೇಕು. ಬಿಯರ್ ತಾನೇ ಅಂತ ಕುಡಿದರೆ ಕೆಟ್ಟಿರಿ. ಶೇ 14ರ ಅರ್ಧ ಲೀಟರ್‌ನಲ್ಲಿ ಇರೋ ಆಲ್ಕೋಹಾಲ್ 70 ಮಿ.ಲೀ. ಶೇ 5ರ 650 ಮಿ.ಲೀ. ದೊಡ್ಡ ಬಾಟ್ಲಿಯಲ್ಲಿ ಇರೋದು 32 ಮಿ.ಲೀ. ಚಿಲ್ಲರೆ. ಅಂದರೆ ಈ ಸಣ್ಣ ಬಾಟ್ಲಿ ಎರಡು ದೊಡ್ಡ ಬಾಟ್ಲಿಗೂ ಜಾಸ್ತಿ, ವಿಸ್ಕಿ ಲೆಕ್ಕದಲ್ಲಿ ಸುಮಾರು ಎರಡು ಮುಕ್ಕಾಲು ದೊಡ್ಡ ಪೆಗ್. ನಾವು ಮೂವರು ಹಂಚಿಕೊಂಡೆವು, ಬೈಕು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಹೋದೆ.

ನಮ್ಮ ವೆನಿಲಾ ಎಲ್ಲಿ ಸೋತಿತು?

ವೆನಿಲಾ ಮೂಲ ಮೆಕ್ಸಿಕೊ. ಹೂವಿಗೆ ಕೈಯಿಂದ ಪರಾಗ ಸೇರಿಸುವ ಸುಲಭ ವಿಧಾನ ಕಂಡುಹಿಡಿದದ್ದು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ, ಎಡ್ಮಂಡ್ ಆಲ್ಬಿಯಸ್, 1841ರಲ್ಲಿ. ಇವತ್ತಿಗೂ ನಡೆಯೋದು ಅದೇ ಕಡ್ಡಿಯ ವಿಧಾನ. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತೆ, ಅಷ್ಟರಲ್ಲಿ ಒಂದೊಂದಕ್ಕೂ ಕಡ್ಡಿ ಮುಟ್ಟಿಸಬೇಕು. ನಮ್ಮ ಕಡೆ ಆಯಿಯಂದಿರ ಕೈ ಇದಕ್ಕೆ ಚೆನ್ನಾಗಿ ಪಳಗಿತ್ತು. ಕೋಡು ಬಲಿಯೋಕೆ ಸುಮಾರು ಒಂಬತ್ತು ತಿಂಗಳು. ಆಮೇಲೆ ಬಿಸಿನೀರಿಗೆ ಅದ್ದಿ, ಕಂಬಳಿಯಲ್ಲಿ ಬೆವರಿಸಿ, ಬಿಸಿಲಿಗೆ ಇಟ್ಟು, ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಹದ ಮಾಡಬೇಕು. ಐದಾರು ಕೆ.ಜಿ. ಹಸಿ ಕೋಡಿಗೆ ಒಂದು ಕೆ.ಜಿ. ಒಣ ಕೋಡು.

2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಹೊಡೆದು ಬೆಳೆ ಹಾಳಾಯ್ತು. ದರ ಏರುತ್ತಾ ಹೋಗಿ 2003-04ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿಗೇ ಕೆ.ಜಿ.ಗೆ ಮೂರು ಸಾವಿರ ದಾಟಿತು. ರಾತ್ರಿ ತೋಟ ಕಾಯಬೇಕಾಗಿತ್ತು, ಬಳ್ಳಿ ತುಂಡಿಗೂ ಬೆಲೆ. ಅದೇ ಹೊತ್ತಿಗೆ ಮಡಗಾಸ್ಕರ್ ಚೇತರಿಸಿಕೊಂಡಿತು, ಉಗಾಂಡ, ಇಂಡೋನೇಷ್ಯಾದವರೂ ಬೆಳೆದರು. ದೊಡ್ಡ ದೊಡ್ಡ ಕಂಪನಿಗಳು ದರಕ್ಕೆ ಹೆದರಿ ಆಗಲೇ ಕೃತಕ ವೆನಿಲಿನ್‌ಗೆ ಹೋಗಿಬಿಟ್ಟಿದ್ದವು. ಕೆಲವೇ ವರ್ಷದಲ್ಲಿ ದರ ನೂರು ರೂಪಾಯಿಗೂ ಕೆಳಗೆ ಬಿತ್ತು. ಕಾಂಡ ಕೊಳೆ ರೋಗ ಉಳಿದಿದ್ದನ್ನು ಮುಗಿಸಿತು.

ಕೃತಕ ವೆನಿಲಿನ್ ಹೊಸದಲ್ಲ. 1874ರಲ್ಲೇ ಜರ್ಮನಿಯಲ್ಲಿ ಪೈನ್ ಮರದ ರಸದಿಂದ ಮಾಡಿದ್ದರು. ಈಗ ಬಹುಪಾಲು ಪೆಟ್ರೋಲಿಯಂ ಮೂಲದ್ದು. ಸ್ವಲ್ಪ ಪಾಲು ಮರದ ತಿರುಳಿನ ಕಾರ್ಖಾನೆಯಲ್ಲಿ ಉಳಿಯುವ ಲಿಗ್ನಿನ್‌ನಿಂದ, ಅಂದರೆ ಪೀಪಾಯಿ ಸುಡುವಾಗ ಒಡೆಯುವ ಅದೇ ವಸ್ತುವಿನಿಂದ. ನಮ್ಮ ಬಳ್ಳಿ ಒಂದು ಲೆಕ್ಕದಲ್ಲಿ ಮರಕ್ಕೇ ಸೋತಿದೆ.

ಬಾಟ್ಲಿಯಲ್ಲಿ ರೈತನ ಪಾಲು ಎಷ್ಟು?

ಮನೆಯಲ್ಲಿ ಬಿಯರ್ ಮಾಡುವ ಅಮೆರಿಕದವರು 20 ಲೀಟರಿಗೆ ಎರಡು ಮೂರು ಕೋಡು ಹಾಕ್ತಾರೆ. ಒಂದು ಕೋಡು ಸುಮಾರು 3 ಗ್ರಾಂ ಅಂತ ಹಿಡಿದರೆ ಅರ್ಧ ಲೀಟರಿಗೆ ಬೀಳೋದು 0.2 ಗ್ರಾಂ, ಹಸಿ ಕೋಡಿನ ಲೆಕ್ಕದಲ್ಲಿ 1.2 ಗ್ರಾಂ. ದುಬಾರಿ ಸ್ಟೌಟ್‌ಗೆ ಇದರ ಹತ್ತು ಪಟ್ಟು ಹಾಕಿದರು ಅಂತಲೇ ಇಟ್ಟುಕೊಳ್ಳಿ, 12 ಗ್ರಾಂ ಆಯ್ತು. ಹಸಿ ಕೋಡಿಗೆ ನೂರು ರೂಪಾಯಿ ದರ ಇದ್ದಾಗ ಅದರ ಬೆಲೆ ಒಂದು ರೂಪಾಯಿ ಇಪ್ಪತ್ತು ಪೈಸೆ. ಮೂರು ಸಾವಿರ ಇದ್ದಾಗ 36 ರೂಪಾಯಿ.

20 ಡಾಲರ್ ಕೊಟ್ಟು ಕುಡಿಯುವವನಿಗೆ ಈ ಎರಡರ ವ್ಯತ್ಯಾಸ ತಿಳಿಯೋದೇ ಇಲ್ಲ. ನಮ್ಮೂರಲ್ಲಿ ಮಾತ್ರ ಆ ವ್ಯತ್ಯಾಸದಲ್ಲೇ ಒಬ್ಬರು ಮನೆ ಕಟ್ಟಿದರು, ಇನ್ನೊಬ್ಬರು ಸೊಸೈಟಿ ಸಾಲಕ್ಕೆ ಬಿದ್ದರು.

ಕುಡಿಯುವವನ ಕಣ್ಣಿಗೆ ಬೀಳೋದು ಚೀಟಿ ಮೇಲಿನ "ಮಡಗಾಸ್ಕರ್" ಎಂಬ ಹೆಸರು. ನಾವು ಹಸಿ ಕೋಡು ತೂಕಕ್ಕೆ ಮಾರಿದೆವು, ಹೆಸರು ಮಾರಲಿಲ್ಲ. ಹೆಸರಿನ ಬೆಲೆ ನಮಗೆ ಗೊತ್ತಿಲ್ಲದ್ದೇನಲ್ಲ: ಶಿರಸಿ ಅಡಿಕೆಗೆ 2019ರಲ್ಲಿ ಜಿಐ ಗುರುತು ಸಿಕ್ಕಿದೆ. ಮತ್ತೆ ವೆನಿಲಾ ನೆಡಿ ಅಂತ ನಾನು ಹೇಳೋದಿಲ್ಲ. 2017ರ ಚಂಡಮಾರುತದ ಮೇಲೆ ದರ ಇನ್ನೊಮ್ಮೆ ಏರಿ, ಇನ್ನೊಮ್ಮೆ ಬಿದ್ದಿದೆ. ಆದರೆ ತೋಟದ ಮೂಲೆಯಲ್ಲಿ ಬಳ್ಳಿ ಉಳಿದವರು ಹಸಿ ಮಾರುವ ಬದಲು ಮನೆಯಲ್ಲೇ ಹದ ಮಾಡಿ, ಬೆಂಗಳೂರಿನ ಬೇಕರಿ, ಮೈಕ್ರೋಬ್ರೂವರಿಗಳ ಬಾಗಿಲು ಒಮ್ಮೆ ತಟ್ಟಿ ನೋಡಬಹುದು.

ಅಂಗಡಿಯವರಿಗೂ ಒಂದು ಮಾತು. ಎಸೆನ್ಸ್ ಬಾಟ್ಲಿಯ ಸಣ್ಣಕ್ಷರ ಓದಿ. ಕೃತಕ ಸುವಾಸನೆ ಅಂತ ಇದ್ದರೆ ಅದರಲ್ಲಿ ಕೋಡು ಇಲ್ಲ. ಮಾರೋದು ತಪ್ಪಲ್ಲ, ಗಿರಾಕಿ ಕೇಳಿದರೆ ಹಾಗೇ ಹೇಳಿ.

ಹೊರಡುವಾಗ ಮಾವ ಖಾಲಿ ಬಾಟ್ಲಿ ಇಸಿದುಕೊಂಡರು. ತೊಳೆದು ಜೇನುತುಪ್ಪಕ್ಕೆ ಇಟ್ಟುಕೊಳ್ಳೋಕೆ ಅಂದರು. ಮರುದಿನ ಹೋದಾಗ ಬಾಟ್ಲಿ ಕಿಟಕಿಯಲ್ಲೇ ಇತ್ತು, ತೊಳೆದಿರಲಿಲ್ಲ. "ಇನ್ನೂ ವಾಸನೆ ಇದೆ ತಮ್ಮಾ, ಇರಲಿ ಎರಡು ದಿನ" ಅಂದರು.