ಕುಗ್ಗಿಸಿದ ಹಡಗು, ಕುಗ್ಗದ ನಿಯಮಗಳು

1628ರ ಆಗಸ್ಟ್ 10ರಂದು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಿಂದ ‘ವಾಸಾ’ ಎಂಬ ಹೊಸ ಯುದ್ಧನೌಕೆ ತನ್ನ ಮೊದಲ ಯಾನಕ್ಕೆ ಹೊರಟಿತು. ಅದರಲ್ಲಿ 64 ಫಿರಂಗಿಗಳಿದ್ದವು. ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಬೀಸಿದ ಗಾಳಿಗೆ ಹಡಗು ಪಕ್ಕಕ್ಕೆ ವಾಲಿತು. ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ಒಳನುಗ್ಗಿತು. ಬೀಳ್ಕೊಡಲು ಬಂದಿದ್ದ ಜನ ನೋಡುತ್ತಿದ್ದಂತೆಯೇ ಹಡಗು ಮುಳುಗಿ, ಸುಮಾರು 30 ಮಂದಿ ಪ್ರಾಣ ಕಳೆದುಕೊಂಡರು. 1961ರ ಏಪ್ರಿಲ್ 24ರಂದು ವಾಸಾವನ್ನು ಮತ್ತೆ ನೀರಿನಿಂದ ಮೇಲೆತ್ತಲಾಯಿತು. ಈಗ ಅದು ಸ್ಟಾಕ್‌ಹೋಮ್‌ನ ವಾಸಾ ವಸ್ತುಸಂಗ್ರಹಾಲಯದಲ್ಲಿದೆ. ಅದರ ಬಳಿಯಲ್ಲೇ ಬಣ್ಣ, ಹಗ್ಗ, ಹಾಯಿಗಳೆಲ್ಲ ಇರುವ, ಹತ್ತರಲ್ಲಿ ಒಂದರಷ್ಟು ಗಾತ್ರದ ಮಾದರಿಯೊಂದನ್ನೂ ಇರಿಸಿದ್ದಾರೆ.

ಐತಿಹಾಸಿಕ ಹಾಯಿಹಡಗುಗಳ ಮಾದರಿ ಕಟ್ಟುವ ಕಲೆಗೆ ಮೂರು ಶತಮಾನಗಳಿಗೂ ಮೀರಿದ ಇತಿಹಾಸವಿದೆ. 17ನೆಯ ಶತಮಾನದ ನಡುಭಾಗದಿಂದ ಇಂಗ್ಲೆಂಡಿನ ನೌಕಾಮಂಡಳಿಯ ಹಡಗುಗಳ ನಾಜೂಕಾದ ಮಾದರಿಗಳು ತಯಾರಾದವು. ಅವುಗಳ ಸಾಮಾನ್ಯ ಪ್ರಮಾಣ 1:48; ಎಂದರೆ ಹಡಗಿನ ಒಂದು ಅಡಿಗೆ ಮಾದರಿಯಲ್ಲಿ ಕಾಲು ಅಂಗುಲ. ಒಳಗಿನ ಪಕ್ಕೆಲುಬುಗಳು ಕಾಣಲೆಂದು ತಳಭಾಗಕ್ಕೆ ಹಲಗೆ ಹೊದಿಸದೆ ಬಿಡುವುದು ವಾಡಿಕೆಯಾಗಿತ್ತು. ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿ ಇಂಥ ಅನೇಕ ಮಾದರಿಗಳಿವೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ನೀವು ವಾಸಾದ ಪ್ರತಿಯೊಂದು ಭಾಗವನ್ನೂ ನಿಖರವಾಗಿ ಐವತ್ತನೇ ಒಂದು ಭಾಗಕ್ಕೆ ಕುಗ್ಗಿಸಿ ಮಾದರಿ ಕಟ್ಟಿದಿರಿ ಎನ್ನೋಣ. ಆ ಮಾದರಿ ನಿಜವಾದ ಹಡಗಿನಂತೆಯೇ ವರ್ತಿಸುತ್ತದೆಯೇ? ಇಲ್ಲ. ಏಕೆಂದರೆ ಉದ್ದಗಳನ್ನು ಕುಗ್ಗಿಸುವುದು ನಮ್ಮ ಕೈಯಲ್ಲಿದೆ. ಗುರುತ್ವ, ನೀರಿನ ಸಾಂದ್ರತೆ, ಮರದ ಗುಣಗಳನ್ನು ಕುಗ್ಗಿಸುವುದು ನಮ್ಮ ಕೈಯಲ್ಲಿಲ್ಲ. ಇದರ ಪರಿಣಾಮಗಳನ್ನು ಒಂದೊಂದಾಗಿ ನೋಡೋಣ.

ಒಂದು ಪ್ರಮಾಣ, ಮೂರು ಲೆಕ್ಕ

ಉದ್ದಗಳು 50 ಪಟ್ಟು ಕುಗ್ಗಿದರೆ ವಿಸ್ತೀರ್ಣಗಳು 50ರ ವರ್ಗದಷ್ಟು, ಅಂದರೆ 2,500 ಪಟ್ಟು ಕುಗ್ಗುತ್ತವೆ. ಘನಗಾತ್ರ ಮತ್ತು ಅದರೊಡನೆ ರಾಶಿ 50ರ ಘನದಷ್ಟು, ಅಂದರೆ 1,25,000 ಪಟ್ಟು ಕುಗ್ಗುತ್ತವೆ. ವಾಸಾದ ಅಳತೆಗಳಿಗೆ ಇದನ್ನು ಅನ್ವಯಿಸಿದರೆ ಹೀಗಾಗುತ್ತದೆ:

ಮುಂಚಾಚಿದ ಕಂಬವೂ ಸೇರಿ ಉದ್ದ: ಹಡಗಿನಲ್ಲಿ 69 ಮೀ., ಮಾದರಿಯಲ್ಲಿ 1.38 ಮೀ.
ಅಗಲ: 11.7 ಮೀ., 23.4 ಸೆಂ.ಮೀ.
ತಳದಿಂದ ಮುಖ್ಯ ಕೂವೆಮರದ ತುದಿಗೆ ಎತ್ತರ: 52.5 ಮೀ., 1.05 ಮೀ.
ಹಾಯಿಗಳ ಒಟ್ಟು ವಿಸ್ತೀರ್ಣ: 1,275 ಚ.ಮೀ., 0.51 ಚ.ಮೀ.
ತೇಲುವಾಗಿನ ಒಟ್ಟು ರಾಶಿ: 1,210 ಟನ್, 9.68 ಕಿ.ಗ್ರಾಂ.

ಕೊನೆಯ ಸಾಲನ್ನು ಗಮನಿಸಿ. ಸಾವಿರಕ್ಕೂ ಹೆಚ್ಚು ಟನ್ನಿನ ಹಡಗು ಒಬ್ಬರು ಎತ್ತಬಹುದಾದ ವಸ್ತುವಾಗಿದೆ. ಭಾರ ಘನದಷ್ಟು ಕುಗ್ಗಿದರೆ ಗಾಳಿಗೆ ಒಡ್ಡಿದ ಹಾಯಿ ವರ್ಗದಷ್ಟು ಮಾತ್ರ ಕುಗ್ಗಿದೆ. ಮಾದರಿ ಕಟ್ಟುವವರ ತೊಡಕುಗಳೆಲ್ಲ ಬಹುಪಾಲು ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಹಲಗೆಯ ಪಾಠ

ಮೊದಲಿಗೆ, ಪ್ರಮಾಣದಿಂದ ಬದಲಾಗದ ಒಂದು ಸಂಗತಿಯನ್ನು ನೋಡೋಣ. ಹಡಗಿನ ಮುಂಭಾಗದಲ್ಲಿ ಹಲಗೆಗಳನ್ನು ಬಾಗಿಸಿ ಪಕ್ಕೆಲುಬುಗಳಿಗೆ ಜೋಡಿಸಬೇಕು. 100 ಮಿ.ಮೀ. ದಪ್ಪದ ಹಲಗೆಯೊಂದನ್ನು 3 ಮೀ. ತ್ರಿಜ್ಯಕ್ಕೆ ಬಾಗಿಸಬೇಕಾಗಿದೆ ಎಂದುಕೊಳ್ಳಿ. ಹಲಗೆಯ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹೊರಮೈ ಎಷ್ಟು ಪಾಲು ಹಿಗ್ಗುತ್ತದೆ ಎಂಬುದು ಹಲಗೆಯ ಅರ್ಧ ದಪ್ಪವನ್ನು ತ್ರಿಜ್ಯದಿಂದ ಭಾಗಿಸಿದರೆ ಸಿಗುತ್ತದೆ: 50ನ್ನು 3,000ದಿಂದ ಭಾಗಿಸಿದರೆ ಸುಮಾರು ಶೇಕಡ 1.7. ಮಾದರಿಯಲ್ಲಿ ಹಲಗೆಯ ದಪ್ಪ 2 ಮಿ.ಮೀ., ತ್ರಿಜ್ಯ 60 ಮಿ.ಮೀ. ಲೆಕ್ಕ ಮಾಡಿ ನೋಡಿ. ಉತ್ತರ ಅದೇ ಶೇಕಡ 1.7.

ಒಣಮರ ಸುಮಾರು ಶೇಕಡ 1ರಷ್ಟು ಹಿಗ್ಗುವುದರೊಳಗೆ ಸೀಳಿಬಿಡುತ್ತದೆ. ಆದ್ದರಿಂದ ದೊಡ್ಡ ಹಡಗು ಕಟ್ಟುವ ಬಡಗಿ ಹಲಗೆಯನ್ನು ಒದ್ದೆ ಮಾಡಿ ಕಾಯಿಸಿ ಬಾಗಿಸಿದಂತೆ, ಮಾದರಿ ಕಟ್ಟುವವರೂ ತೆಳು ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕಾದ ಕೊಳವೆಗೆ ಒತ್ತಿ ಬಾಗಿಸುತ್ತಾರೆ. ತೇವ ಮತ್ತು ಶಾಖ ಸೇರಿದಾಗ ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಮೆದುವಾಗುತ್ತದೆ. ಆರಿದಾಗ ಹಲಗೆ ಹೊಸ ಆಕಾರದಲ್ಲಿ ನಿಲ್ಲುತ್ತದೆ. ಪ್ರಮಾಣ ಕುಗ್ಗಿದಾಗ ಬಾಗಿಸಲು ಬೇಕಾದ ಬಲ ಕಡಿಮೆಯಾಗುತ್ತದೆ. ಸೀಳುವ ಅಪಾಯ ಮಾತ್ರ ಹಾಗೆಯೇ ಉಳಿಯುತ್ತದೆ.

ಮರದ ಆಯ್ಕೆಯಲ್ಲಿ ಇನ್ನೊಂದು ತೊಡಕಿದೆ. ವಾಸಾ ಓಕ್ ಮರದ ಹಡಗು. ಹಾಗೆಂದು ಮಾದರಿಗೂ ಓಕ್ ಬಳಸಿದರೆ ಅದು ಸಹಜವಾಗಿ ಕಾಣುವುದಿಲ್ಲ. ಓಕ್ ಮರದಲ್ಲಿ ನೀರು ಸಾಗಿಸುವ ದೊಡ್ಡ ನಾಳಗಳ ವ್ಯಾಸ ಸುಮಾರು 0.3 ಮಿ.ಮೀ. ಜೀವಕೋಶಗಳು ನಮ್ಮ ಪ್ರಮಾಣಕ್ಕೆ ತಕ್ಕಂತೆ ಕುಗ್ಗುವುದಿಲ್ಲ. 1:50ರ ಮಾದರಿಯಲ್ಲಿ ಆ ರಂಧ್ರ ನಿಜ ಹಡಗಿನಲ್ಲಿ 15 ಮಿ.ಮೀ. ತೂತು ಇದ್ದಂತೆ ಕಾಣುತ್ತದೆ. ಆದ್ದರಿಂದಲೇ ನುರಿತವರು ಬಾಕ್ಸ್‌ವುಡ್, ಪಿಯರ್ ಹಣ್ಣಿನ ಮರ ಮುಂತಾದ ನುಣುಪು ಎಳೆಯ ಮರಗಳನ್ನು ಆರಿಸುತ್ತಾರೆ. ಓಕ್‌ನಂತೆ ಕಾಣಬೇಕಾದರೆ ಓಕನ್ನು ಬಿಡಬೇಕಾಗುತ್ತದೆ!

ಜೋತು ಬೀಳದ ಹಗ್ಗ

ಹಾಯಿಹಡಗಿನಲ್ಲಿ ಕೂವೆಮರಗಳನ್ನು ಹಿಡಿದು ನಿಲ್ಲಿಸಲು, ಹಾಯಿಗಳನ್ನು ಏರಿಸಿ ಇಳಿಸಲು ಬಗೆಬಗೆಯ ದಪ್ಪದ ಹಗ್ಗಗಳು ಬೇಕು. ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ತತ್ತ್ವ ತಿಳಿದೇ ಇರುತ್ತದೆ. ಎಳೆಗಳನ್ನು ಒಂದು ದಿಕ್ಕಿಗೆ ಹುರಿ ಮಾಡಿ, ಅಂಥ ಮೂರು ಹುರಿಗಳನ್ನು ವಿರುದ್ಧ ದಿಕ್ಕಿಗೆ ಹೊಸೆಯುತ್ತಾರೆ. ಒಂದು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯಾಗುತ್ತದೆ. ಹೀಗಾಗಿ ಹಗ್ಗ ತನ್ನಷ್ಟಕ್ಕೆ ಬಿಚ್ಚುವುದಿಲ್ಲ. ಮಾದರಿ ಕಟ್ಟುವವರಲ್ಲಿ ಅನೇಕರು ಹಲ್ಲುಚಕ್ರಗಳಿರುವ ಪುಟ್ಟ ಯಂತ್ರದಲ್ಲಿ ಹೀಗೆಯೇ ಹಗ್ಗ ಹೊಸೆಯುತ್ತಾರೆ. ಅಂಗಡಿಯ ಹೊಲಿಗೆ ದಾರದಲ್ಲಿ ಆ ಹುರಿಯ ನೋಟ ಸಿಗದು.

ಆದರೆ ಹಗ್ಗವನ್ನು ಕಟ್ಟಿದ ಮೇಲೆ ವಿಚಿತ್ರವೊಂದು ಕಾಣುತ್ತದೆ. ನಿಜವಾದ ಹಡಗಿನಲ್ಲಿ ಸಡಿಲವಾದ ಹಗ್ಗ ತನ್ನ ಭಾರದಿಂದ ಅಂದವಾಗಿ ಜೋತುಬೀಳುತ್ತದೆ. ಮಾದರಿಯಲ್ಲಿ ಅದು ತಂತಿಯಂತೆ ಸೆಟೆದು, ತನಗೆ ತೋಚಿದಂತೆ ಬಾಗಿ ನಿಲ್ಲುತ್ತದೆ. ಕಾರಣ ಹೀಗಿದೆ. ಹಗ್ಗವನ್ನು ಬಗ್ಗಿಸುವ ಭ್ರಾಮಕ ಅದರ ಭಾರ ಮತ್ತು ದೂರದ ಗುಣಲಬ್ಧ. ಭಾರ ಉದ್ದದ ಘನದಂತೆ ಬದಲಾಗುವುದರಿಂದ ಈ ಭ್ರಾಮಕ ಉದ್ದದ ನಾಲ್ಕನೇ ಘಾತದಂತೆ ಬದಲಾಗುತ್ತದೆ. ಹಗ್ಗದ ಬಿಗಿತನ ಒಡ್ಡುವ ಪ್ರತಿಭ್ರಾಮಕ ವ್ಯಾಸದ ನಾಲ್ಕನೇ ಘಾತವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದಂತೆ, ಅಂದರೆ ಉದ್ದದ ಮೂರನೇ ಘಾತದಂತೆ ಬದಲಾಗುತ್ತದೆ. ಇವೆರಡರ ಅನುಪಾತ ಉದ್ದಕ್ಕೆ ನೇರ ಅನುಪಾತದಲ್ಲಿದೆ. ಹೀಗಾಗಿ 1:50ರ ಮಾದರಿಯಲ್ಲಿ ಬಿಗಿತನದ ಎದುರು ಗುರುತ್ವದ ಬಲ ಐವತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಮಾದರಿ ಕಟ್ಟುವವರು ದಾರಕ್ಕೆ ತೆಳು ಅಂಟು ಸವರಿ, ಪುಟ್ಟ ತೂಕಗಳನ್ನು ತೂಗುಹಾಕಿ, ಜೋತುಬಿದ್ದ ಆಕಾರದಲ್ಲೇ ಒಣಗಿಸುವುದು ಇದಕ್ಕಾಗಿಯೇ. ಗುರುತ್ವ ಮಾಡಬೇಕಾದ ಕೆಲಸವನ್ನು ಅಂಟು ಮಾಡುತ್ತದೆ.

ನೀರಿಗಿಳಿಸಿದರೆ?

ಪ್ರದರ್ಶನದ ಮಾದರಿಗೆ ಅಂಟು ಸಾಕು. ನೀರಿಗಿಳಿಸಿದಾಗ ಅದೇ ಲೆಕ್ಕ ಬೇರೆ ರೂಪದಲ್ಲಿ ಎದುರಾಗುತ್ತದೆ. ಹಡಗನ್ನು ವಾಲಿಸುವುದು ಗಾಳಿ. ಅದರ ಭ್ರಾಮಕ ಹಾಯಿಯ ವಿಸ್ತೀರ್ಣ, ಎತ್ತರ ಮತ್ತು ಗಾಳಿಯ ವೇಗದ ವರ್ಗ ಇವುಗಳ ಗುಣಲಬ್ಧವನ್ನು ಅವಲಂಬಿಸಿದೆ. ಗಾಳಿಯ ವೇಗ ಒಂದೇ ಆಗಿದ್ದರೆ ಇದು ಉದ್ದದ ಮೂರನೇ ಘಾತದಂತೆ ಬದಲಾಗುತ್ತದೆ. ವಾಲಿದ ಹಡಗನ್ನು ನೆಟ್ಟಗೆ ಮಾಡುವುದು ಅದರ ಭಾರ. ಭಾರ ಮತ್ತು ದೂರದ ಗುಣಲಬ್ಧವಾದ ಈ ಭ್ರಾಮಕ ಉದ್ದದ ನಾಲ್ಕನೇ ಘಾತದಂತೆ ಬದಲಾಗುತ್ತದೆ. ಹಗ್ಗದಲ್ಲಿ ಕಂಡ ಮೂರು ಮತ್ತು ನಾಲ್ಕರ ಜಗಳವೇ ಇಲ್ಲಿಯೂ ಇದೆ. ಅದೇ ಗಾಳಿಯಲ್ಲಿ ಮಾದರಿಯನ್ನು ವಾಲಿಸುವ ಪ್ರಭಾವ 50 ಪಟ್ಟು ಹೆಚ್ಚಾಗಿರುತ್ತದೆ.

ಎರಡೂ ಒಂದೇ ಕೋನಕ್ಕೆ ವಾಲಬೇಕಾದರೆ ಗಾಳಿಯ ವೇಗವನ್ನು 50ರ ವರ್ಗಮೂಲದಷ್ಟು, ಅಂದರೆ ಸುಮಾರು 7 ಪಟ್ಟು ತಗ್ಗಿಸಬೇಕು. ಹಡಗಿಗೆ ಸೆಕೆಂಡಿಗೆ 7 ಮೀ. ಗಾಳಿ ಹೇಗೋ ಮಾದರಿಗೆ 1 ಮೀ. ಗಾಳಿ ಹಾಗೆ. ಸೆಕೆಂಡಿಗೆ 3 ಮೀ. ವೇಗದ ತಂಗಾಳಿ ಮಾದರಿಯ ಪಾಲಿಗೆ 21 ಮೀ. ವೇಗದ ಬಿರುಗಾಳಿ. ಕೆರೆಯಲ್ಲಿ ಓಡಿಸುವ ಹಾಯಿಹಡಗಿನ ಮಾದರಿಗಳಿಗೆ ನಿಜ ಹಡಗಿನಲ್ಲಿಲ್ಲದ ಆಳವಾದ ಸೀಸದ ತಳವನ್ನು ಜೋಡಿಸುವುದು ಈ ಕಾರಣಕ್ಕೆ.

ಹಾಗಾದರೆ ನಿಜ ಗಾತ್ರದ ವಾಸಾ ಏಕೆ ಮಗುಚಿತು? ಅದರ ಮೇಲ್ಭಾಗ ತುಂಬ ಭಾರವಾಗಿತ್ತು. ಗುರುತ್ವ ಕೇಂದ್ರ ಮೇಲಿತ್ತು. ತಳದಲ್ಲಿ ಸುಮಾರು 120 ಟನ್ ಕಲ್ಲಿನ ನಿಲುಭಾರವಿದ್ದರೂ ಅದು ಸಾಲಲಿಲ್ಲ. ಇನ್ನಷ್ಟು ಕಲ್ಲು ತುಂಬಿದ್ದರೆ ಕೆಳಸಾಲಿನ ಫಿರಂಗಿ ಕಿಂಡಿಗಳು ನೀರಿಗೆ ಮತ್ತಷ್ಟು ಹತ್ತಿರವಾಗುತ್ತಿದ್ದವು. ಯಾನಕ್ಕೆ ಮೊದಲು 30 ಜನರನ್ನು ಅಟ್ಟದ ಮೇಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓಡಿಸಿ ಪರೀಕ್ಷೆ ಮಾಡಲಾಗಿತ್ತು. ಹಡಗು ಎಷ್ಟು ಹೊಯ್ದಾಡಿತೆಂದರೆ ಮೂರು ಸುತ್ತಿಗೇ ಓಟ ನಿಲ್ಲಿಸಬೇಕಾಯಿತು. ಆದರೂ ಹಡಗು ಹೊರಟಿತು. ಆ ಕಾಲದಲ್ಲಿ ಸ್ಥಿರತೆಯನ್ನು ಮುಂಚಿತವಾಗಿ ಲೆಕ್ಕಹಾಕುವ ವಿಧಾನವೇ ಇರಲಿಲ್ಲ. ಫ್ರಾನ್ಸಿನ ಪಿಯೆರ್ ಬುಗೇರ್ ‘ಮೆಟಾಸೆಂಟರ್’ ಪರಿಕಲ್ಪನೆಯನ್ನು ಪ್ರಕಟಿಸಿದ್ದು 1746ರಲ್ಲಿ.

ಫ್ರೂಡ್ ತೋರಿದ ದಾರಿ

ಲೆಕ್ಕದ ವಿಧಾನ ದೊರೆತ ಮೇಲೂ ದುರಂತಗಳು ನಿಲ್ಲಲಿಲ್ಲ. 1870ರ ಸೆಪ್ಟೆಂಬರ್ 7ರಂದು ಎತ್ತರದ ಕೂವೆಮರಗಳಿದ್ದು ಅಟ್ಟ ನೀರಿಗೆ ತೀರ ಸಮೀಪವಿದ್ದ ‘ಕ್ಯಾಪ್ಟನ್’ ಎಂಬ ಬ್ರಿಟಿಷ್ ಯುದ್ಧನೌಕೆ ಸ್ಪೇನಿನ ಕರಾವಳಿಯಾಚೆ ಗಾಳಿಗೆ ಮಗುಚಿ ಸುಮಾರು 480 ಮಂದಿ ಸತ್ತರು. ಹಡಗಿನ ಕಲ್ಪನೆ ನೀಡಿದ್ದ ಕೂಪರ್ ಕೋಲ್ಸ್ ಕೂಡ ಅವರಲ್ಲೊಬ್ಬರು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ ಮಾದರಿಗಳನ್ನು ಅಳತೆಯ ಸಾಧನಗಳನ್ನಾಗಿ ಮಾಡುತ್ತಿದ್ದರು. 1867ರಲ್ಲಿ ಅವರು 3, 6 ಮತ್ತು 12 ಅಡಿ ಉದ್ದದ ಮಾದರಿಗಳನ್ನು ನೀರಿನಲ್ಲಿ ಎಳೆದು ಪರೀಕ್ಷಿಸಿದರು. ಮುಂದೆ ಟಾರ್ಕಿ ಎಂಬಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಪ್ಯಾರಫಿನ್ ಮೇಣದ ಮಾದರಿಗಳನ್ನು ಬಳಸಿದರು. ಮಾದರಿಯ ವೇಗವನ್ನು ಉದ್ದದ ವರ್ಗಮೂಲಕ್ಕೆ ತಕ್ಕಂತೆ ತಗ್ಗಿಸಿದರೆ, ಅದು ಎಬ್ಬಿಸುವ ಅಲೆಗಳ ವಿನ್ಯಾಸ ದೊಡ್ಡ ಹಡಗಿನ ಅಲೆಗಳ ತದ್ರೂಪವಾಗಿರುತ್ತದೆ. ಅಲೆಗಳ ಪ್ರತಿರೋಧವನ್ನು ಮಾದರಿಯಿಂದ ಅಳೆಯಬಹುದು. ನೀರಿನ ಘರ್ಷಣೆ ಈ ನಿಯಮಕ್ಕೆ ಒಳಪಡದು. ಅದನ್ನು ಹಲಗೆಗಳ ಮೇಲೆ ಪ್ರತ್ಯೇಕವಾಗಿ ಅಳೆದು ಲೆಕ್ಕಕ್ಕೆ ಸೇರಿಸಿದ್ದು ಫ್ರೂಡ್ ಅವರ ಜಾಣ್ಮೆ. ‘ಗ್ರೇಹೌಂಡ್’ ಎಂಬ ನಿಜ ಹಡಗನ್ನೇ ಸಮುದ್ರದಲ್ಲಿ ಎಳೆಸಿ ಅವರು ತಮ್ಮ ನಿಯಮವನ್ನು ತಾಳೆ ನೋಡಿದರು.

ಮದರಾಸಿನ ಐಐಟಿ, ಖರಗ್‌ಪುರದ ಐಐಟಿ, ವಿಶಾಖಪಟ್ಟಣದ ನೌಕಾ ಪ್ರಯೋಗಾಲಯಗಳಲ್ಲಿ ಇಂಥ ತೊಟ್ಟಿಗಳಿವೆ. ನಮ್ಮ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಬಂದರು ತಡೆಗೋಡೆಗಳ ಮಾದರಿಗಳ ಮೇಲೆ ಅಲೆ ಹಾಯಿಸಿ ಪರೀಕ್ಷಿಸುವಾಗಲೂ ಆಧಾರವಾಗುವುದು ಇದೇ ವರ್ಗಮೂಲದ ನಿಯಮ.

ಮಾದರಿಯೂ ಒಂದು ಊಹೆ

ಐತಿಹಾಸಿಕ ಹಡಗುಗಳಲ್ಲಿ ಬಹುಪಾಲು ಉಳಿದಿಲ್ಲ. ನಕ್ಷೆ, ಚಿತ್ರ, ಬರಹಗಳಿಂದ ಸಿಕ್ಕಿದ್ದನ್ನು ಜೋಡಿಸಿ ಕಟ್ಟಿದ ಮಾದರಿ ವಿಜ್ಞಾನದ ಊಹೆಯಂತೆಯೇ ತಿದ್ದುಪಡಿಗೆ ತೆರೆದಿರಬೇಕು. ವಾಸಾದ ಶಿಲ್ಪಗಳ ಹಿನ್ನೆಲೆ ನೀಲಿ ಬಣ್ಣದ್ದೆಂದು ಬಹುಕಾಲ ನಂಬಿದ್ದರು. ಮರದ ಮೇಲೆ ಉಳಿದಿದ್ದ ಬಣ್ಣದ ಕಣಗಳ ಪರೀಕ್ಷೆಯಿಂದ ಅದು ಕೆಂಪೆಂದು ತಿಳಿಯಿತು. ಹಳೆಯ ತಿಳಿವಳಿಕೆಯಂತೆ ನೀಲಿ ಬಳಿದ ಮಾದರಿಗಳು ಎಷ್ಟೇ ನಾಜೂಕಾಗಿದ್ದರೂ ಆ ಒಂದು ಅಂಶದಲ್ಲಿ ತಪ್ಪಾದವು.

ತರಗತಿಯಲ್ಲಿ ಮಾಡಿ ನೋಡಿ

ಒಂದೇ ಬಗೆಯ ಮರದಿಂದ 20 × 10 × 4 ಸೆಂ.ಮೀ. ಮತ್ತು 10 × 5 × 2 ಸೆಂ.ಮೀ. ಅಳತೆಯ ಎರಡು ತುಂಡುಗಳನ್ನು ಮಾಡಿಸಿಕೊಳ್ಳಿ. ತೆಳು ಕಡ್ಡಿಗಳನ್ನು ನೆಟ್ಟು ದೊಡ್ಡದಕ್ಕೆ 20 ಸೆಂ.ಮೀ. ಎತ್ತರ, 15 ಸೆಂ.ಮೀ. ಅಗಲದ ಕಾಗದದ ಹಾಯಿಯನ್ನೂ, ಚಿಕ್ಕದಕ್ಕೆ 10 ಸೆಂ.ಮೀ. ಎತ್ತರ, 7.5 ಸೆಂ.ಮೀ. ಅಗಲದ ಹಾಯಿಯನ್ನೂ ತುಂಡಿನ ಉದ್ದಕ್ಕೆ ಸಮಾಂತರವಾಗಿ ಅಂಟಿಸಿ. ಎರಡನ್ನೂ ಅಗಲವಾದ ತೊಟ್ಟಿಯಲ್ಲಿ ತೇಲಿಸಿ, ಅಕ್ಕಪಕ್ಕದಲ್ಲಿ ದಾರದಿಂದ ತಡೆದು, ಪಕ್ಕದಿಂದ ಟೇಬಲ್ ಫ್ಯಾನಿನ ಗಾಳಿ ಹಾಯಿಸಿ. ಚಿಕ್ಕದು ದೊಡ್ಡದಕ್ಕಿಂತ ಸುಮಾರು ಎರಡರಷ್ಟು ವಾಲುವುದನ್ನು ಕೋನಮಾಪಕದಿಂದ ಅಳೆಯಬಹುದು.

ವರ್ಗಮೂಲದ ನಿಯಮ ಕಾಣಲು ಎರಡು ಲೋಲಕಗಳು ಸಾಕು. 100 ಸೆಂ.ಮೀ. ಲೋಲಕದ 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು, 4 ಸೆಂ.ಮೀ. ಲೋಲಕಕ್ಕೆ ಸುಮಾರು 8 ಸೆಕೆಂಡು ಹಿಡಿಯುತ್ತದೆ. ಉದ್ದ 25 ಪಟ್ಟು ಕುಗ್ಗಿದರೂ ಕಾಲ ಕುಗ್ಗುವುದು 5 ಪಟ್ಟು ಮಾತ್ರ. ಪುಟ್ಟ ಹಡಗು ಆಟಿಕೆಯಂತೆ ಚಡಪಡಿಸಿ ಹೊಯ್ದಾಡುವುದಕ್ಕೂ, ಚಲನಚಿತ್ರಗಳಲ್ಲಿ ಮಾದರಿ ಹಡಗುಗಳ ದೃಶ್ಯವನ್ನು ವೇಗವಾಗಿ ಚಿತ್ರೀಕರಿಸಿ ನಿಧಾನವಾಗಿ ತೋರಿಸುವುದಕ್ಕೂ ಇದೇ ಕಾರಣ.

ಮುಂದೆ ಯಾವುದಾದರೂ ಹಡಗಿನ ಮಾದರಿಯನ್ನು ಕಂಡಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾವುದನ್ನು ಪ್ರಮಾಣಕ್ಕೆ ತಕ್ಕಂತೆ ಕುಗ್ಗಿಸಿದ್ದಾರೆ, ಯಾವುದನ್ನು ಕುಗ್ಗಿಸಲಾಗದೆ ಉಪಾಯದಿಂದ ಮುಚ್ಚಿದ್ದಾರೆ? ಎರಡನೆಯದಕ್ಕೆ ಉತ್ತರ ಹುಡುಕುತ್ತ ಹೋದರೆ ಯಂತ್ರಶಾಸ್ತ್ರದ ಒಂದಿಡೀ ಅಧ್ಯಾಯ ನಿಮ್ಮೆದುರು ತೆರೆದುಕೊಳ್ಳುತ್ತದೆ.